ಎರಡನೇ ಸಲಕ್ಕೆ ಸಿಕ್ಕ ಇಂಟರ್ನ್‌ಶಿಪ್

ಮೈಸೂರಿನಲ್ಲಿ ಹೋಮ್ ಸೈನ್ಸ್ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಟೆಕ್ಸಸ್‌ಗೆ ಬಂದವಳು ನಾನು. ಅಮೆರಿಕದಲ್ಲಿ ಆರ್‌ಡಿ, ಅಂದರೆ ರಿಜಿಸ್ಟರ್ಡ್ ಡಯಟೀಷಿಯನ್ (ನೋಂದಾಯಿತ ಆಹಾರತಜ್ಞೆ) ಅನ್ನಿಸಿಕೊಳ್ಳಬೇಕಾದರೆ ಡಿಗ್ರಿಯೊಂದೇ ಸಾಲದು. ಎಸೆಂಡ್ ಅನ್ನುವ ಮಂಡಳಿಯ ಮಾನ್ಯತೆ ಇರುವ ಇಂಟರ್ನ್‌ಶಿಪ್ ಮುಗಿಸಬೇಕು, ಆಮೇಲೆ ಪರೀಕ್ಷೆ. ನನ್ನ ಕಾಲಕ್ಕೆ ಕನಿಷ್ಠ 1200 ಗಂಟೆ. ಸಾಮಾನ್ಯವಾಗಿ ಸಂಬಳವೂ ಇಲ್ಲ, ಮೇಲೆ ಫೀಸು ನಾವೇ ಕಟ್ಟಬೇಕು.

ಊರಿನ ಅಂಕಪಟ್ಟಿಗಳನ್ನು ಮೌಲ್ಯಮಾಪನಕ್ಕೆ ಕಳಿಸಿದೆ. ಬಯೋಕೆಮಿಸ್ಟ್ರಿ ಒಪ್ಪಿದರು, ಫುಡ್ ಸರ್ವಿಸ್ ಮತ್ತು ಮೆಡಿಕಲ್ ನ್ಯೂಟ್ರಿಷನ್ ಪೇಪರ್‌ಗಳನ್ನು ಒಪ್ಪಲಿಲ್ಲ. ಅವಕ್ಕಾಗಿ ಎರಡು ವರ್ಷ ಮತ್ತೆ ಕ್ಲಾಸಿಗೆ ಹೋದೆ.

2018ರಲ್ಲಿ ನಾಲ್ಕು ಕಡೆ ಅರ್ಜಿ ಹಾಕಿದೆ. ಆಗ ಎರಡು ಸೈಟು: ಅರ್ಜಿಗೆ ಡೈಕಾಸ್, ಯಾವ ಪ್ರೋಗ್ರಾಂ ನಮಗೆ ಮೊದಲು, ಯಾವುದು ಆಮೇಲೆ ಅಂತ ಕ್ರಮ ಕೊಡುವುದಕ್ಕೆ ಡಿ ಅಂಡ್ ಡಿ ಡಿಜಿಟಲ್. ನಮ್ಮ ಕ್ರಮವನ್ನೂ ಪ್ರೋಗ್ರಾಂಗಳ ಕ್ರಮವನ್ನೂ ಕಂಪ್ಯೂಟರ್ ಹೊಂದಿಸಿ ನೋಡುತ್ತಿತ್ತು, ಅದೇ ‘ಮ್ಯಾಚ್’. ಫಲಿತಾಂಶ ಏಪ್ರಿಲ್ ತಿಂಗಳ ಒಂದು ಸಂಜೆ. ಒಗ್ಗರಣೆ ಒಲೆಯ ಮೇಲಿಟ್ಟು ಲ್ಯಾಪ್‌ಟಾಪ್ ತೆಗೆದೆ. ಮ್ಯಾಚ್ ಆಗಿಲ್ಲ ಅಂತ ಬಂದಿತ್ತು. ಸಾಸಿವೆ ಹೊತ್ತಿ ಮನೆಯೆಲ್ಲ ಹೊಗೆ.

ಆಮೇಲೆ ನನ್ನ ಪರ್ಸನಲ್ ಸ್ಟೇಟ್‌ಮೆಂಟನ್ನೇ ತಿರುಗಿ ಓದಿದೆ. ‘ಚಿಕ್ಕಂದಿನಿಂದಲೂ ನನಗೆ ಆಹಾರದ ಬಗ್ಗೆ ಆಸಕ್ತಿ’ ಅಂತ ಶುರು ಮಾಡಿದ್ದೆ. ಯಾರಿಗಿರಲ್ಲ?

ಮುಂದಿನ ವರ್ಷ ಡಿಸ್ಟನ್ಸ್ ಪ್ರೋಗ್ರಾಂಗೆ ಅರ್ಜಿ ಹಾಕಲು ಹೊರಟೆ. ಅದರಲ್ಲಿ ಪ್ರಿಸೆಪ್ಟರ್‌ಗಳನ್ನು, ಅಂದರೆ ಕೈಕೆಳಗೆ ಇಟ್ಟುಕೊಂಡು ಕೆಲಸ ಕಲಿಸುವವರನ್ನು, ನಾವೇ ಹುಡುಕಿಕೊಳ್ಳಬೇಕು. ನಲವತ್ತಕ್ಕೂ ಹೆಚ್ಚು ಫೋನು ಮಾಡಿದೆ. ‘ಸ್ಟೂಡೆಂಟ್ಸ್ ತಗೊಳ್ಳಲ್ಲ’ ಅಂದವರೇ ವಾಸಿ. ‘ಇಮೇಲ್ ಮಾಡಿ’ ಅಂದವರು ಮತ್ತೆ ಸಿಗಲೇ ಇಲ್ಲ. ನರ್ಸಿಂಗ್ ಹೋಮ್‌ಗಳ (ಇಲ್ಲಿ ಹಾಗಂದರೆ ವೃದ್ಧರನ್ನು ನೋಡಿಕೊಳ್ಳುವ ಆರೈಕೆ ಮನೆಗಳು) ಗುಟ್ಟು ತಡವಾಗಿ ಗೊತ್ತಾಯಿತು. ಡಯಟೀಷಿಯನ್ ಅಲ್ಲಿಗೆ ವಾರಕ್ಕೆ ಒಂದೆರಡು ದಿನ ಮಾತ್ರ ಬರುತ್ತಾರೆ. ಅಡುಗೆಮನೆ ಮ್ಯಾನೇಜರ್‌ಗೆ ಫೋನ್ ಮಾಡಿ ‘ಅವರು ಯಾವತ್ತು ಬರ್ತಾರೆ?’ ಅಂತ ಕೇಳಬೇಕು, ಅವತ್ತು ಖುದ್ದಾಗಿ ಹೋಗಿ ನಿಲ್ಲಬೇಕು.

ಹಾಗೆ ಹೋದ ಒಂದು ಮಂಗಳವಾರ, ಊಟದ ಟ್ರೇಗಳನ್ನು ಪರೀಕ್ಷಿಸುತ್ತಿದ್ದ ಹಿರಿಯ ಹೆಂಗಸು ತಲೆಯೆತ್ತದೆ ಒಂದು ಲೋಟ ನನ್ನ ಕಡೆ ಸರಿಸಿದರು. ಕಿತ್ತಳೆ ರಸ, ಆದರೆ ಚಮಚದಿಂದ ಜೇನಿನ ಹಾಗೆ ಇಳಿಯುತ್ತಿತ್ತು. ‘ಇದು ಯಾರಿಗೆ?’ ಅಂದರು. ನುಂಗಲು ಕಷ್ಟ ಇರುವವರಿಗೆ, ತೆಳ್ಳಗಿದ್ದರೆ ಶ್ವಾಸಕೋಶಕ್ಕೆ ಹೋಗಬಹುದು ಅಂದೆ. ‘ಪುಸ್ತಕದಲ್ಲಿ ಓದಿದ್ದಾ?’ ಅಲ್ಲ. ಪಾರ್ಶ್ವವಾಯು ಆದ ಮೇಲೆ ನಮ್ಮ ಮಾವನವರಿಗೆ ನೀರು ಕುಡಿಸಿದರೆ ಕೆಮ್ಮು ಬರುತ್ತಿತ್ತು, ರಾಗಿ ಗಂಜಿ ಸಲೀಸಾಗಿ ಇಳಿಯುತ್ತಿತ್ತು. ಅತ್ತೆ ದಿನಾ ಸೌಟಿನಿಂದ ಎತ್ತಿ ಸುರಿದು ಹದ ನೋಡುತ್ತಿದ್ದರು. ಅದನ್ನೇ ಹೇಳಿದೆ. ಆಕೆ ಟ್ರೇ ಬದಿಗಿಟ್ಟು ಪ್ರಿಸೆಪ್ಟರ್ ಒಪ್ಪಿಗೆಯ ಫಾರ್ಮ್ ಕೇಳಿದರು, ನಿಂತಲ್ಲೇ ಸಹಿ ಹಾಕಿದರು.

ಮನೆಗೆ ಬಂದು ಸ್ಟೇಟ್‌ಮೆಂಟನ್ನು ಅತ್ತೆಯ ಸೌಟಿನಿಂದಲೇ ಶುರು ಮಾಡಿದೆ. ಕ್ರಮ ಕೊಡುವಾಗಲೂ ಈ ಸಲ ‘ಎಲ್ಲಿ ಸಿಗಬಹುದು’ ಅಂತ ಲೆಕ್ಕ ಹಾಕಲಿಲ್ಲ, ಬೇಕಾದ್ದನ್ನೇ ಮೊದಲಿಟ್ಟೆ. 2019ರ ಏಪ್ರಿಲ್‌ನಲ್ಲಿ ಅದೇ ಸಿಕ್ಕಿತು.

ಈಗ ಅರ್ಜಿ ಹಾಕುವವರಿಗೆ ಆ ಕಂಪ್ಯೂಟರ್ ಮ್ಯಾಚಿಂಗ್ ಇಲ್ಲ. ಗಂಟೆಗಳೂ ಕನಿಷ್ಠ 1000ಕ್ಕೆ ಇಳಿದಿವೆ. ಆದರೆ 2024ರ ಜನವರಿ 1ರಿಂದ ಪರೀಕ್ಷೆಗೆ ಹೊಸದಾಗಿ ಅರ್ಹತೆ ಪಡೆಯಲು ಮಾಸ್ಟರ್ಸ್ ಬೇಕು. ಬಿ.ಎಸ್ಸಿ. ಮಾಡಿ ಬಂದ ತಂಗಿಯರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು, ಯಾರೂ ಹೇಳದೇ ಇದ್ದದ್ದು. ಸೇರುವ ಮುಂಚೆ ಟಿಬಿ ಪರೀಕ್ಷೆ ಕೇಳುತ್ತಾರೆ. ನಮಗೆಲ್ಲ ಚಿಕ್ಕಂದಿನಲ್ಲೇ ಟಿಬಿಯ ಬಿಸಿಜಿ ಲಸಿಕೆ ಹಾಕಿಸಿರುವುದರಿಂದ ಚರ್ಮದ ಟೆಸ್ಟು ರೋಗವಿಲ್ಲದೆಯೂ ಪಾಸಿಟಿವ್ ಬರಬಹುದು. ನನ್ನ ಕೈ ಊದಿಕೊಂಡು, ಎಕ್ಸ್‌ರೇ ಆಗಿ, ಸೇರುವ ದಿನ ಒಂದು ವಾರ ಮುಂದೆ ಹೋಯಿತು. ನೀವು ತೋಳಿನ ಮೇಲಿನ ಗುರುತು ತೋರಿಸಿ, ಮೊದಲೇ ರಕ್ತದ ಟೆಸ್ಟ್ ಕೇಳಿ.