ಸಾಲ್ಯಾಗ ಸಂಸತ್ ಇಲೆಕ್ಷನ್ ಮಾಡಿಸೂದು ಹೆಂಗ
ಜೂನ್‌ದಾಗ ಸಾಲಿ ಚಾಲೂ ಆಗಿ ಪುಸ್ತಕ ಹಂಚೂ ಗದ್ಲ ಮುಗೀತಂದ್ರ ಮುಂದ ಬರೂದ ಸಾಲಿ ಸಂಸತ್ ಇಲೆಕ್ಷನ್, ಅಂದ್ರ ಹುಡುಗೂರು ವೋಟ್ ಹಾಕಿ ತಮ್ಮೊಳಗ ಮುಖ್ಯಮಂತ್ರಿ, ಮಂತ್ರಿಗೋಳನ್ನ ಮಾಡ್ಕೊಳ್ಳೂದು. ಹೊಸದಾಗಿ ನೌಕರಿಗೆ ಬಂದ ಅಕ್ಕಾರು, ಮಾಸ್ತರು "ಇದನ್ನ ಹೆಂಗ ಮಾಡೂದ್ರಿ ಸರ್" ಅಂತ ಕೇಳ್ತಾರ, ನಾನು ಇಂಡಿ ತಾಲೂಕಿನ ಒಂದು ಹಳ್ಳಿ ಸಾಲ್ಯಾಗ ಐದಾರು ವರ್ಷ ಮಾಡಿಸೇನಿ, ತಪ್ಪೂ ಭಾಳ ಮಾಡೇನಿ, ಅದಕ್ಕ ಬರ್ಯಾಕತ್ತೇನಿ.

ಮೊದಲಿಗೆ ಯಾವುದೋ ಶ್ಯಾಣ್ಯಾ ಹುಡುಗನ್ನ ಮನಸಿನ್ಯಾಗ ಮುಖ್ಯಮಂತ್ರಿ ಮಾಡಿಟ್ಕೊಂಡು ಇಲೆಕ್ಷನ್ ಇಡಬ್ಯಾಡ್ರಿ, ಹುಡುಗೂರಿಗೆ ಲಗೂನ ತಿಳೀತೈತಿ.

ನಾಮಪತ್ರಕ್ಕ ಅರ್ಧಾ ಹಾಳಿ ಸಾಕು, ಆದ್ರ ಐದು ಮಂದಿ ಸೂಚಕರ ಸಹಿ ಬೇಕ ಅನ್ರಿ, ಇಲ್ಲಾಂದ್ರ ಏಳನೇತ್ತ ಇಡೀ ಕ್ಲಾಸ ನಿಂದರ್ತೈತಿ. ನಗಬ್ಯಾಡ್ರಿ, 1996ರ ಲೋಕಸಭಾ ಇಲೆಕ್ಷನ್‌ಗೆ ಬೆಳಗಾವ್ಯಾಗ 456 ಮಂದಿ ನಿಂತಿದ್ರು, ಡಿಪಾಜಿಟ್ ಬರೇ 500 ರೂಪಾಯಿ ಇತ್ತಲ್ಲ, ಆಮ್ಯಾಲೆ ಅದನ್ನ 10,000 ಮಾಡಿದ್ರು. ಹುಡುಗೂರ ಕಡೆ ರೊಕ್ಕ ಇಸ್ಕೊಳ್ಳಾಕ ಬರೂದಿಲ್ಲ, ನಮಗ ಸಹೀನ ಡಿಪಾಜಿಟ್.

ಚಿಹ್ನೆ ಆರಿಸೂದು ಸಸಾರ ಅನ್ನಸ್ತೈತಿ, ಅಲ್ಲೇ ನಾನು ಬಿದ್ದದ್ದು. ಪಾರ್ಟಿಗೋಳ ಚಿಹ್ನೆ ಬ್ಯಾಡ ಅಂತ ಒಬ್ಬಾಕಿಗೆ ಲಿಂಬಿಹಣ್ಣು, ಇನ್ನೊಬ್ಬಾಂವಗ ಚಂಡು ಕೊಟ್ಟೆ. ಝೆರಾಕ್ಸ್ ಮಾಡಿಸಿದ ಮ್ಯಾಲೆ ಎರಡೂ ಕರೀ ಗುಂಡ! ಒಂದನೇತ್ತ ಹುಡುಗೂರಿಗೆ ಓದಾಕ ಬರೂದಿಲ್ಲ, ಚಿತ್ರ ನೋಡೇ ಒತ್ತಾವು, ಹಿಂಗಾಗಿ ಲಿಂಬಿಹಣ್ಣಿನ ಅರ್ಧಾ ವೋಟ್ ಚಂಡಿಗೆ ಹೋದ್ವು, ಆ ಹುಡುಗಿ ಸಂಜೀತನಕ ಅತ್ತಳು. ಛತ್ರಿ, ಬಕೀಟ, ಸೈಕಲ್ಲಿನ ಗಾಲಿ, ಹಿಂಗ ಆಕಾರ ಬ್ಯಾರೆ ಬ್ಯಾರೆ ಇರೂವ ತಗೊಳ್ರಿ, ಅದೂ ಯಾವ ಪಾರ್ಟೀದೂ ಅಲ್ಲ ಅಂತ ಒಮ್ಮೆ ನೋಡ್ಕೊಂಡು.

ಮೊಬೈಲ್ ಆ್ಯಪ್‌ನ್ಯಾಗ ವೋಟ್ ಹಾಕಿಸಿದ್ರ ಫೋನ್ ಫ್ಲೈಟ್ ಮೋಡ್‌ನ್ಯಾಗ ಇಡ್ರಿ, ನನ್ನ ಫೋನಿಗೆ ನಡುವ ಮನಿಯಾಕಿ ಕಾಲ್ ಬಂದು ವೋಟ್ ಹಾಕಾಕತ್ತಿದ್ದ ಹುಡುಗ ಗಾಬರ್ಯಾಗಿ ಒಗದ ಬಿಟ್ಟಿದ್ದ. ವೋಟ್ ಯಾರಿಗೂ ಕಾಣದಂಗ ಮರೆ ಮಾಡಾಕ ರಟ್ಟಿನ ಡಬ್ಬಿ ಸಾಕು, ಆದ್ರ ಹಿಂದ ನೀವು ನಿಂದರಬ್ಯಾಡ್ರಿ.

ಬಳ್ಳಿಗೆ ಶಾಯಿ ಅಂತೂ ಬೇಕ, ಅದಿಲ್ಲಾಂದ್ರ ಹುಡುಗೂರಿಗೆ ವೋಟ್ ಹಾಕಿದಂಗ ಅನ್ನಸೂದಿಲ್ಲ. ಖರೇ ಶಾಯಿ ಮೈಸೂರು ಪೇಂಟ್ಸ್‌ನ್ಯಾಗ ತಯಾರಾಗ್ತೈತಿ, 1962ರಿಂದ, ನಮ್ಮ ಕೈಗೆ ಸಿಗೂದಿಲ್ಲ, ಮಾರ್ಕರ್ ಪೆನ್ ನಡೀತೈತಿ. ಬಿಸಿಊಟಕ್ಕಿಂತ ಮೊದಲ ಮುಗಿಸ್ರಿ, ಕೈ ತೊಳದು ಎರಡನೇ ಸಲ ಪಾಳಿ ಹಚ್ಚೂ ಮಂದಿ ನಮ್ಮಲ್ಲಿ ಅದಾರ.

ಒಂದು ವರ್ಷ ಗೋಳಗುಮ್ಮಟ ನೋಡಾಕ ಬಂದ ಜರ್ಮನಿಯ ಟೀಚರ್ ಒಬ್ರು ನಮ್ಮ ಗೆಳ್ಯಾನ ಜೋಡಿ ಸಾಲಿಗೂ ಬಂದಿದ್ರು. ಅವರಲ್ಲಿ ಕ್ಲಾಸಿನವ್ರು ತಮ್ಮ ಪ್ರತಿನಿಧೀನ ತಾವ ಆರಸ್ತಾರಂತ, ಮಂತ್ರಿಗಿಂತ್ರಿ ಇಲ್ಲ. ಶಾಯಿ ನೋಡಿ ಭಾಳ ಖುಷಿಯಾಗಿ ತಮ್ಮ ಬಳ್ಳಿಗೂ ಹಚ್ಚಿಸ್ಕೊಂಡ್ರು, ಆಮ್ಯಾಲೆ ಕೇಳಿದ್ರು, "ಆರಿಸಿ ಬಂದ ಹುಡುಗಿ ಸೋಮವಾರದಿಂದ ಏನ ಮಾಡ್ತಾಳ?" ಹೆಡ್ಮಾಸ್ತರು ನನ್ನ ಮಾರಿ ನೋಡಿದ್ರು, ನಾ ಅವರ ಮಾರಿ ನೋಡಿದೆ.

ಅವತ್ತಿಂದ ಪ್ರಮಾಣವಚನದ ದಿನಾನ ಕೆಲಸ ಕೊಡ್ತೀವಿ, ಬರದು ಕೊಡ್ತೀವಿ. ನೀರಿನ ಮಂತ್ರಿ ಟಾಕಿ ತುಂಬೇತಿಲ್ಲೋ ನೋಡಬೇಕು, ಆಹಾರ ಮಂತ್ರಿ ಅಡಿಗಿ ಅಕ್ಕಾರ ಬಾಜೂ ನಿಂತು ತತ್ತಿ ಎಣಿಸಿ ವಹಿಯೊಳಗ ಬರೀಬೇಕು. ನೀವೂ ಕೊಡ್ರಿ, ಆದ್ರ ಕೊಡೂಮುಂದ ವಿಚಾರ ಮಾಡಿ ಕೊಡ್ರಿ. ಹೋದ ವರ್ಷ ನಮ್ಮ ಆಹಾರ ಮಂತ್ರಿ ಎರಡು ತತ್ತಿ ಕಡಿಮಿ ಬಿದ್ದಾವರಿ ಅಂತ ವಹಿ ಹಿಡ್ಕೊಂಡು ಸೀದಾ ಆಫೀಸಿಗೆ ಬಂದ್ಲು. ಅದರಾಗ ಒಂದು ನಾನ ತಿಂದಿದ್ದೆ.