ಮೊದಲಿನಿಂದ ಎಣಿಸಿದ ವರ್ಷಗಳು

ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಅಡಿಕೆ ತೋಟದ ನಡುವೆ. ವಿಮಾನ ಹತ್ತಬೇಕೆಂದರೆ ಇವತ್ತಿಗೂ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು. ಅಂಥ ಊರಿನಿಂದ ಪೈಲಟ್ ಆದೆ ಅಂತ ಊರ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಎಷ್ಟು ಖರ್ಚು, ಎಷ್ಟು ಸಂಬಳ ಅಂತ ಕೇಳುತ್ತಾರೆ. ಕಂಪನಿಗೆ ಯಾವಾಗ ಸೇರಬೇಕು, ಯಾವಾಗ ಬಿಡಬಾರದು ಅಂತ ಯಾರೂ ಕೇಳುವುದಿಲ್ಲ. ನನ್ನ ಬದುಕಿನ ಐದು ವರ್ಷ ಹೋಗಿದ್ದು ಆ ಪ್ರಶ್ನೆಯಲ್ಲೇ.

ನಾನು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ತೆಗೆದುಕೊಂಡಿದ್ದು 2009ರಲ್ಲಿ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇತ್ತು. 200 ಗಂಟೆ ಹಾರಾಟ ಮುಗಿಸಿ, ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳಲ್ಲಿ 70 ಪರ್ಸೆಂಟ್ ದಾಟಿ ಊರಿಗೆ ಬಂದೆ. ಅಪ್ಪಯ್ಯ ತೋಟದ ಮೇಲೆ ಸಾಲ ಮಾಡಿದ್ದರು. ಲೈಸೆನ್ಸ್ ಇದ್ದರೆ ಕೆಲಸ ಸಿಕ್ಕಿದ ಹಾಗೆ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಆದರೆ ಆಗ ಜಗತ್ತೆಲ್ಲ ಆರ್ಥಿಕ ಹಿಂಜರಿತ, ಯಾವ ಕಂಪನಿಯೂ ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಾಲ್ಕು ವರ್ಷ ಶಿರಸಿಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿದೆ. ಬಂದ ದುಡ್ಡೆಲ್ಲ ಮೆಡಿಕಲ್ ಮಾಡಿಸುವುದಕ್ಕೆ, ಇನ್‌ಸ್ಟ್ರುಮೆಂಟ್ ರೇಟಿಂಗ್ ಅಂದರೆ ಹೊರಗೆ ಏನೂ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆ ನವೀಕರಿಸುವುದಕ್ಕೆ ಹೋಗುತ್ತಿತ್ತು. ಅದೊಂದನ್ನು ಬಿಡದೆ ಮಾಡಿದ್ದರಿಂದಲೇ 2013ರಲ್ಲಿ ಕರೆ ಬಂದಾಗ ಮರುವಾರವೇ ಹೊರಡಲು ಆಯಿತು. ಜೊತೆಯಲ್ಲಿ ಕಲಿತ ಇಬ್ಬರ ರೇಟಿಂಗ್ ಮುಗಿದು ಹೋಗಿತ್ತು. ಅವರು ಅದನ್ನು ಸರಿ ಮಾಡಿಕೊಂಡು ಬರುವಷ್ಟರಲ್ಲಿ ಒಂದು ಬ್ಯಾಚ್ ತುಂಬಿತ್ತು.

ಸೇರಿದ ಮೇಲೆ ಗೊತ್ತಾಯಿತು, ಇಲ್ಲಿ ಎಲ್ಲವೂ ಸೇರಿದ ತಾರೀಖಿನ ಮೇಲೆ ನಿಂತಿದೆ. ಸೇರಿದ ಕ್ರಮದಲ್ಲಿ ಒಂದು ಪಟ್ಟಿ, ಅದರಲ್ಲಿ ಪ್ರತಿಯೊಬ್ಬ ಪೈಲಟ್‌ಗೂ ಒಂದು ನಂಬರ್. ಯಾವ ಊರಿನ ಬೇಸ್ ಅಂದರೆ ಯಾವ ಊರಿನಿಂದ ಕೆಲಸ, ಯಾವ ದಿನ ರಜೆ, ಎಡಗಡೆಯ ಸೀಟಿಗೆ ಅಂದರೆ ಕ್ಯಾಪ್ಟನ್ ಕುರ್ಚಿಗೆ ಯಾವಾಗ ಸರದಿ, ಎಲ್ಲದಕ್ಕೂ ಆ ನಂಬರ್ ಬೇಕು. 1500 ಗಂಟೆ ಆದರೆ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಹಾರುವ ಹಾಗಿಲ್ಲ. ಲೆಕ್ಕ ಹಾಕಿದರೆ ಎರಡು, ಎರಡೂವರೆ ವರ್ಷದಲ್ಲಿ ಗಂಟೆ ಆಗಿಬಿಡುತ್ತದೆ ಅಲ್ವಾ? ಆದರೆ ಗಂಟೆಯಿಂದ ಬರುವುದು ಅರ್ಹತೆ ಮಾತ್ರ. ಸರದಿ ಪಟ್ಟಿಯಿಂದ ಬರುತ್ತದೆ. ನನಗಿಂತ 11 ದಿನ ಮೊದಲು ಸೇರಿದ ಗೆಳೆಯನಿಗೆ ನಮ್ಮ ಬ್ಯಾಚಿನವರಿಗಿಂತ ಒಂದು ವರ್ಷ ಮೊದಲೇ ಕಮಾಂಡ್, ಅಂದರೆ ಕ್ಯಾಪ್ಟನ್ ಹುದ್ದೆ, ಸಿಕ್ಕಿತು. ಆ ವರ್ಷದ ಕಮಾಂಡ್ ತರಬೇತಿಯ ಸೀಟುಗಳು ಅವನ ಬ್ಯಾಚಿಗೇ ಮುಗಿದವು, ಅಷ್ಟೇ ಕಾರಣ.

2018ರಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಆಗ ಎಟಿಆರ್ ಅನ್ನುವ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ ಹಾರಿಸುತ್ತಿದ್ದೆ, ಐದು ವರ್ಷ ಆಗಿತ್ತು. ಕಮಾಂಡ್‌ಗೆ ನನ್ನ ಮೇಲೆ ಹೆಚ್ಚೆಂದರೆ 20 ಜನ. ಅಷ್ಟರಲ್ಲಿ ಬೇರೆ ಕಂಪನಿಯಿಂದ ಏರ್‌ಬಸ್ 320ಕ್ಕೆ ಆಹ್ವಾನ ಬಂತು. ಜೆಟ್ ವಿಮಾನ, ಸಂಬಳವೂ ಜಾಸ್ತಿ. ಊರಿಗೆ ಬಂದು ಹೇಳಿದೆ. ಅಪ್ಪಯ್ಯ ತೋಟದಲ್ಲಿ ಅಡಿಕೆ ಸಸಿ ನೆಡುತ್ತಿದ್ದರು. ತಲೆ ಎತ್ತದೆ ಅಂದರು, "ಬೇರು ಬಿಟ್ಟ ಸಸಿ ಕಿತ್ತು ಬೇರೆ ಕಡೆ ನೆಟ್ರೆ ಮತ್ತೆ ಮೊದ್ಲಿಂದ ಎಣಿಸವು ತಮಾ."

ನಾನು ಕೇಳಲಿಲ್ಲ. ಹೊಸ ಕಂಪನಿಯಲ್ಲಿ ಪಟ್ಟಿಯ ಕೊನೆಯ ಹೆಸರು ನನ್ನದು. ಐದು ವರ್ಷದ ಅನುಭವ ಲಾಗ್‌ಬುಕ್‌ನಲ್ಲಿ ಉಳಿಯಿತು, ನಂಬರ್ ಜೊತೆಗೆ ಬರಲಿಲ್ಲ. ಮರುವರ್ಷ, 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಂತಿತು. ಎಷ್ಟೋ ವರ್ಷ ಅಲ್ಲಿದ್ದ ಹಿರಿಯರು ನಮ್ಮಂಥವರ ಜೊತೆ ಇಂಟರ್‌ವ್ಯೂ ಸಾಲಿನಲ್ಲಿ ನಿಂತಿದ್ದನ್ನು ಕಣ್ಣಾರೆ ಕಂಡೆ. ನೋಡಲು ತುಂಬಾ ಕಷ್ಟವಾಯಿತು. ನಾನು ಬೇಕೆಂದೇ ಬಿಟ್ಟು ಬಂದೆ, ಅವರಿಗೆ ಆ ಆಯ್ಕೆಯೂ ಇರಲಿಲ್ಲ.

ಆಮೇಲೆ ಕೊರೊನಾ. 2020ರ ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗಿನ ಪ್ರಯಾಣಿಕರ ವಿಮಾನ ಹಾರಲೇ ಇಲ್ಲ. ಶುರುವಾದ ಮೇಲೂ ಅರ್ಧಕ್ಕರ್ಧ ವಿಮಾನ ಖಾಲಿ ನಿಂತಿದ್ದವು. ಸಂಬಳವಿಲ್ಲದ ರಜೆ ಅಂತ ಕಳಿಸುವಾಗ ಪಟ್ಟಿಯ ತಳದಿಂದ ಶುರು ಮಾಡಿದರು. ನಾನು ತಳದಲ್ಲೇ ಇದ್ದೆ. ಏಳು ತಿಂಗಳು ಮನೆಯಲ್ಲಿದ್ದೆ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರ ಜೊತೆ ತೋಟಕ್ಕೆ ಹೋಗಿ ಕೊನೆ ಹೊತ್ತೆ. ಆಯಿ, ಅಪ್ಪಯ್ಯ ಒಂದು ದಿನವೂ ಹಳೆಯ ಮಾತು ತೆಗೆಯಲಿಲ್ಲ.

ಹಾಗಾದರೆ ಕಂಪನಿ ಬದಲಿಸಲೇಬಾರದಾ? ಹಾಗಲ್ಲ. ಕೆಲಸಕ್ಕೆ ಸೇರಿ ಒಂದೆರಡು ವರ್ಷದೊಳಗೆ ಬದಲಿಸಿದರೆ ಕಳೆದುಕೊಳ್ಳುವುದು ಕಡಿಮೆ. ಕಮಾಂಡ್ ಕೈಗೆ ಬಂದು, ಕ್ಯಾಪ್ಟನ್ ಆಗಿ ಸಾಕಷ್ಟು ಗಂಟೆ ಹಾರಿದ ಮೇಲೆ ಬದಲಿಸಿದರೆ ಬೇರೆ ಕಡೆ ನೇರವಾಗಿ ಕ್ಯಾಪ್ಟನ್ ಆಗಿಯೇ ಸೇರಬಹುದು. ನನ್ನ ಹಾಗೆ ನಡುವೆ, ಸರದಿ ಹತ್ತಿರ ಬಂದಾಗ ಬಿಡಬಾರದು. ಬಿಡುವುದೂ ಸುಮ್ನೆ ಅಲ್ಲ. 2017ರ ಡಿಜಿಸಿಎ ನಿಯಮದ ಪ್ರಕಾರ ಫಸ್ಟ್ ಆಫೀಸರ್ ಅಂದರೆ ಸಹ ಪೈಲಟ್ 6 ತಿಂಗಳು, ಕ್ಯಾಪ್ಟನ್ ಒಂದು ವರ್ಷ ನೋಟಿಸ್ ಕೊಡಬೇಕು. ಒಂದು ಮಾದರಿಯ ವಿಮಾನ ಹಾರಿಸುವ ತರಬೇತಿಗೆ, ಅಂದರೆ ಟೈಪ್ ರೇಟಿಂಗ್‌ಗೆ, ಕಂಪನಿಗೆ ಬಾಂಡ್ ಬರೆದುಕೊಟ್ಟಿದ್ದರೆ ಅದರ ಹಣ ಬೇರೆ.

ಸೇರುವ ಮೊದಲು ಇನ್ನೆರಡು ವಿಷಯ ವಿಚಾರಿಸಿ ಅಂತ ಊರಿನ ಹುಡುಗರಿಗೆ ಹೇಳುತ್ತೇನೆ. ಪಟ್ಟಿಯ ಮೇಲೆ ಇರುವವರ ವಯಸ್ಸೆಷ್ಟು? 65ಕ್ಕೆ ಎಲ್ಲರೂ ಇಳಿಯಲೇಬೇಕು, ಅವರು ಇಳಿದಷ್ಟೂ ನೀವು ಏರುತ್ತೀರಿ. ಎರಡನೆಯದು, ಹೊಸ ವಿಮಾನ ನಿಜಕ್ಕೂ ಬರುತ್ತಿದೆಯಾ? 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಕ್ಕೆ ಆರ್ಡರ್ ಕೊಟ್ಟಾಗ ಊರಲ್ಲಿ ಎಲ್ಲರೂ "ಇನ್ನೇನು, ಕೆಲಸವೇ ಕೆಲಸ" ಅಂದರು. ಒಂದೊಂದು ವಿಮಾನಕ್ಕೂ ಹತ್ತಕ್ಕಿಂತ ಜಾಸ್ತಿ ಪೈಲಟ್ ಬೇಕು, ಅದು ನಿಜ. ಆದರೆ ಆರ್ಡರ್ ಕೊಟ್ಟ ವಿಮಾನ ಕೈಗೆ ಬರಲು ವರ್ಷಗಳು ಬೇಕು. ಸಾಲದ ಕಂತು ಅಲ್ಲಿವರೆಗೆ ಕಾಯುವುದಿಲ್ಲ. ಮತ್ತೆ, ತರಬೇತಿಗೆ ದುಡ್ಡು ಕಟ್ಟುವ ಮೊದಲು ಕ್ಲಾಸ್ 1 ಮೆಡಿಕಲ್, ಅಂದರೆ ಪೈಲಟ್ ಕೆಲಸಕ್ಕೆ ಬೇಕಾದ ಆರೋಗ್ಯ ತಪಾಸಣೆ, ಮಾಡಿಸಿ. ಮೆಡಿಕಲ್ ಪಾಸಾಗದಿದ್ದರೆ ಯಾವ ಪಟ್ಟಿಯೂ ಇಲ್ಲ.

ನನಗೆ ಕಮಾಂಡ್ ಬಂದಿದ್ದು 2023ರಲ್ಲಿ. ಹಳೆಯ ಕಂಪನಿಯಲ್ಲೇ ಇದ್ದಿದ್ದರೆ ಮೂರು ವರ್ಷ ಮೊದಲೇ ಬರುತ್ತಿತ್ತು, ನನ್ನ ಹಿಂದೆ ಇದ್ದವನಿಗೆ ಬಂತು. ಕ್ಯಾಪ್ಟನ್ ಆದ ದಿನ ಖುಷಿ ಹೇಳತೀರದು. ಆದರೆ ಕ್ಯಾಪ್ಟನ್‌ಗಳ ಪಟ್ಟಿಯೇ ಬೇರೆ, ಅದರಲ್ಲಿ ಮತ್ತೆ ನಾನೇ ಕೊನೆಯವನು. ಬೆಂಗಳೂರು ಕೇಳಿದೆ, ಕೋಲ್ಕತ್ತಾ ಕೊಟ್ಟರು. 2024ರ ಮಾರಿಕಾಂಬಾ ಜಾತ್ರೆಗೆ ರಜೆ ಕೇಳಿದೆ, ಸಿಗಲಿಲ್ಲ. ಆಯಿ ಫೋನಿನಲ್ಲಿ ರಥದ ಹತ್ತಿರದ ವಾದ್ಯದ ಸದ್ದು ಕೇಳಿಸಿದಳು. ಆಮೇಲೆ ತಿಂಗಳು ತಿಂಗಳು ಹೊಸಬರು ಸೇರುತ್ತಿದ್ದಾರೆ. ಕಳೆದ ಸಲ ಪಟ್ಟಿ ನೋಡಿದಾಗ ನನ್ನ ಕೆಳಗೆ 60 ಹೆಸರು ಇದ್ದವು.