ಹಕ್ಕಿ ಸಿಗದಂತೆ ಲಾಂಗ್‌ಲೈನ್ ಬಿಡುವುದು ಹೇಗೆ?

ಲಾಂಗ್‌ಲೈನ್ ಅಂದರೆ ಹತ್ತಾರು ಕಿಲೋಮೀಟರ್ ಉದ್ದದ ಹಗ್ಗ, ಅದರ ತುಂಬ ಸಾವಿರಾರು ಗಾಳ. ಎರೆ ಮುಳುಗುವ ಮೊದಲೇ ಆಲ್ಬಟ್ರಾಸ್, ಪೆಟ್ರೆಲ್ ಹಕ್ಕಿಗಳು ಬಾಯಿ ಹಾಕುತ್ತವೆ. ಗಾಳ ಸಿಕ್ಕಿಕೊಂಡು ಹಗ್ಗದ ಜೊತೆಗೇ ಮುಳುಗಿ ಸಾಯುತ್ತವೆ. 2011ರ ಒಂದು ಅಂದಾಜಿನ ಪ್ರಕಾರ ವರ್ಷಕ್ಕೆ ಕಡಿಮೆಯೆಂದರೂ 1,60,000 ಹಕ್ಕಿಗಳು.

ಮೊದಲನೆಯದು, ರಾತ್ರಿಯೇ ಹಗ್ಗ ಬಿಡಿ. ಡೆಕ್ ದೀಪ ಕೆಲಸಕ್ಕೆ ಬೇಕಾದಷ್ಟೇ ಸಾಕು.

ಎರಡನೆಯದು, ತೂಕ. 40 ಗ್ರಾಂ ಸೀಸವಾದರೆ ಗಾಳದಿಂದ ಅರ್ಧ ಮೀಟರ್ ಒಳಗೆ, 60 ಗ್ರಾಂ ಆದರೆ ಒಂದು ಮೀಟರ್ ಒಳಗೆ ಇರಲಿ. ದೂರ ಕಟ್ಟಿದರೆ ಸೀಸ ಮುಳುಗುತ್ತದೆ, ಎರೆ ಮಾತ್ರ ಮೇಲೇ ತೇಲುತ್ತಿರುತ್ತದೆ. ಬಿಗಿದ ಹಗ್ಗ ತುಂಡಾದರೆ ಸೀಸ ಗುಂಡಿನಂತೆ ಮುಖಕ್ಕೇ ಹಾರಿ ಬರಬಹುದು. ಹಾಗಾಗಿ ಹಗ್ಗ ತುಂಡಾದಾಗ ಅದರ ಮೇಲೆ ಜಾರುವಂಥ ಸೀಸವನ್ನೇ ಕೊಳ್ಳಿ.

ಇನ್ನು ಎಲ್ಲರೂ ಎಡವುವ ಜಾಗ, ಹಕ್ಕಿ ಬೆದರಿಸುವ ಹಗ್ಗ. ಅಂದರೆ ಟೋರಿ ಲೈನ್. ಬಣ್ಣದ ಪಟ್ಟಿ ಕಟ್ಟಿದ ಹಗ್ಗವೊಂದನ್ನು ಸುಮ್ನೆ ಹಿಂದೆ ಎಳೆದುಕೊಂಡು ಹೋದರೆ ಏನೂ ಪ್ರಯೋಜನವಿಲ್ಲ. ಹಕ್ಕಿಯನ್ನು ತಡೆಯುವುದು ನೀರಿನ ಮೇಲೆ, ಗಾಳಿಯಲ್ಲಿರುವ ಭಾಗ ಮಾತ್ರ. 35 ಮೀಟರ್‌ಗಿಂತ ದೊಡ್ಡ ಹಡಗಾದರೆ ಈ ಹಗ್ಗ ಕಟ್ಟುವ ಕಂಬದ ತುದಿ ನೀರಿನಿಂದ 8 ಮೀಟರ್ ಎತ್ತರದಲ್ಲಿರಬೇಕು. ಹಗ್ಗ 100 ಮೀಟರ್ ದೂರದವರೆಗೆ ನೀರು ಮುಟ್ಟಬಾರದು. ಅಂಥ ಹಗ್ಗ ಎರಡು ಬೇಕು, ಎರೆ ಬೀಳುವ ಜಾಗದ ಆ ಕಡೆ ಒಂದು, ಈ ಕಡೆ ಒಂದು. ಸಣ್ಣ ಹಡಗಿಗೆ ಒಂದೇ ಸಾಕು. ಆದರೆ ಅದು ಗಾಳಿ ಬೀಸಿ ಬರುವ ಕಡೆಗಿರಲಿ, ಆಗ ಪಟ್ಟಿಗಳು ಎರೆಯ ಮೇಲೆಯೇ ಬಾಗುತ್ತವೆ. ಉದ್ದ ಪಟ್ಟಿಗಳು ಐದು ಮೀಟರ್‌ಗಿಂತ ಹತ್ತಿರ ಹತ್ತಿರ ಇರಲಿ, ಗಾಳಿಯಿಲ್ಲದಾಗ ನೀರು ಮುಟ್ಟುವಷ್ಟು ಇಳಿಬಿದ್ದಿರಲಿ. ಹಗ್ಗ ಜೋತು ಬೀಳದಂತೆ ಎಳೆದು ಹಿಡಿಯಲು ತುದಿಗೆ ಏನಾದರೂ ಕಟ್ಟಬೇಕು. ಕೆಲವರು ಹಳೇ ಬೋಯ್, ಅಂದರೆ ತೇಲುಬುರುಡೆ ಕಟ್ಟಿಬಿಡುತ್ತಾರೆ. ಅದು ಗಾಳದ ಹಗ್ಗಕ್ಕೆ ಸಿಕ್ಕಿಕೊಂಡರೆ ಎರಡನ್ನೂ ಕತ್ತರಿಸಬೇಕಾಗುತ್ತದೆ. ನಾನಾದರೆ ಉದ್ದನೆಯ ದಪ್ಪ ಹಗ್ಗವನ್ನೇ ಬಾಲದಂತೆ ಬಿಡಿಸುತ್ತೇನೆ. ಎರೆಯನ್ನು ಪ್ರೊಪೆಲರ್ ನೊರೆಗೆ ಎಸೆಯಬೇಡಿ, ಮುಳುಗುವುದು ನಿಧಾನವಾಗುತ್ತದೆ.

ಎರೆಗೆ ನೀಲಿ ಬಣ್ಣ ಹಚ್ಚಿದರೆ ಸಾಕು ಎನ್ನುವವರಿದ್ದಾರೆ. ಅದೊಂದನ್ನೇ ನಂಬಿ ಕೂರಬೇಡಿ. ಮೇಲಿನ ಮೂರರಲ್ಲಿ ಒಂದನ್ನು ಬಿಡುವುದೂ ಬೇಡ. ಬಿಳಿಗಲ್ಲದ ಪೆಟ್ರೆಲ್ ರಾತ್ರಿಯೂ ಬರುತ್ತದೆ, ಹತ್ತು ಮೀಟರ್‌ಗಿಂತ ಆಳಕ್ಕೂ ಮುಳುಗಿ ಎರೆ ಎತ್ತಿ ತರುತ್ತದೆ. ಹುಣ್ಣಿಮೆಯ ಬೆಳಕಿದ್ದರಂತೂ ಕಷ್ಟ ಜಾಸ್ತಿ.

ಮೀನಿನ ಕರುಳು, ತಲೆ ಎಲ್ಲ ಹಗ್ಗ ಬಿಟ್ಟು ಮುಗಿಯುವವರೆಗೆ ಹಡಗಿನಲ್ಲೇ ಇರಲಿ.